ಶಾನುಭೋಗರ ಕಡತ, ಲಂಡನ್ನಿನ ಪರೀಕ್ಷೆ, ನಮ್ಮ ಮಕ್ಕಳ 34 ಸೆಕೆಂಡು

ಪೋಸ್ಟ್ ಉದ್ದ ಇದೆ. ಬ್ಯಾಂಕು, ಎಫ್‌ಡಿಎ, ಎಸ್‌ಡಿಎ, ವಿಎಒ, ಎಸ್‌ಎಸ್‌ಸಿ ಅಂತ ಓದ್ತಿರೋ ತಮ್ಮ ತಂಗಿಯರು, ಅವರಿಗೆ ಫೀಸು ಕಟ್ಟೋಕೆ ಕೂಲಿ ಮಾಡ್ತಿರೋ ಅಪ್ಪ ಅಮ್ಮಂದಿರು ದಯವಿಟ್ಟು ಕೊನೆವರೆಗೂ ಓದಿ.

ಸರ್ಕಾರಿ ಕಚೇರಿಗಳಲ್ಲಿ ಟೀ ಹೊತ್ತಿಗೆ ಒಂದು ಮಾತು ತೇಲಿಬರುತ್ತೆ. "ನಿಮ್ಮೋರಿಗೆ ಜಿಕೆ ಪರವಾಗಿಲ್ಲ, ಉರು ಹೊಡೀತಾರೆ. ಇಂಗ್ಲಿಷ್ ಗ್ರಾಮರ್ರು, ಮ್ಯಾಥ್ಸು ಅಂದ್ರೆ ಮಾತ್ರ ಆಗಲ್ಲ." ಬೈದು ಹೇಳಲ್ಲ, ನಕ್ಕೊಂಡೇ ಹೇಳ್ತಾರೆ. ನನ್ನ ನೋವು ಏನಂದ್ರೆ, ನಮ್ಮ ಹುಡುಗರೂ ಇದನ್ನ ನಂಬಿಬಿಟ್ಟಿದಾರೆ. "ಅಣ್ಣ, ಆ ಎರಡು ಸೆಕ್ಷನ್ ನಮ್ಮದಲ್ಲ ಬಿಡಿ" ಅಂತ ಬಿಎ, ಬಿಕಾಂ ಮುಗಿಸಿದ ಮಕ್ಕಳೇ ಹೇಳ್ತಾರೆ. ನಮ್ಮದಲ್ಲ ಅಂತ ಯಾವಾಗ ಆಯ್ತು, ಯಾರು ಮಾಡಿದ್ರು? ಅದಕ್ಕೊಂದು ಚರಿತ್ರೆ ಇದೆ. ಟೀ ಮುಗಿಯೋದ್ರೊಳಗೆ ಹೇಳಿ ಮುಗಿಸೋಕೆ ಆಗದ್ದು. ಅದಕ್ಕೇ ಇಲ್ಲಿ ಬರೀತಿದೀನಿ.

*ಲೆಕ್ಕ ಯಾರ ಕೈಯಲ್ಲಿತ್ತು*

ಮೊದಲು ನಮ್ಮ ಹಳ್ಳಿಯಿಂದಲೇ ಶುರು ಮಾಡೋಣ. ಹಳೇ ಮೈಸೂರಿನ ಕಡೆ ಶಾನುಭೋಗ, ಮುಂಬೈ ಕರ್ನಾಟಕದ ಕಡೆ ಕುಲಕರ್ಣಿ. ಊರಿನ ಜಮೀನು ಎಷ್ಟು, ಕಂದಾಯ ಎಷ್ಟು, ಯಾರು ಕಟ್ಟಿದ್ರು, ಯಾರು ಬಾಕಿ, ಎಲ್ಲ ಅವರ ಕಡತದಲ್ಲಿ. ಪಟೇಲ, ಗೌಡ ಬೇರೆ. ಅದೇ ವ್ಯವಸ್ಥೆಯ ಕೆಳಗಡೆ ತೋಟಿ, ತಳವಾರ, ನೀರಗಂಟಿ. ತೋಟಿ ಅಂದ್ರೆ ನಮ್ಮವರು. ಸಾರೋದು, ತಮಟೆ ಹೊಡೆಯೋದು, ಓಲೆ ಹೊತ್ತು ಮುಂದಿನ ಊರಿಗೆ ಓಡೋದು, ಕಂದಾಯದ ದಿನ ಜನರನ್ನ ಕರೆಯೋದು, ಸತ್ತ ದನ ಎಳೆಯೋದು. ಇಷ್ಟೂ ಹುದ್ದೆ ವಂಶಪಾರಂಪರ್ಯ. ಅಂದ್ರೆ ಶಾನುಭೋಗರ ಮಗನಿಗೆ ಅಂಕಿ ಅಕ್ಷರ ಆಸ್ತಿಯಾಗಿ ಬಂತು, ತೋಟಿ ಮಗನಿಗೆ ತಮಟೆ ಕೋಲು ಬಂತು. ಮನೆಯಲ್ಲೇ ಕೂತು ಅಪ್ಪನ ಕೈಬರಹ ನೋಡಿ ಕಲಿಯೋದಕ್ಕೆ ನೂರಾರು ವರ್ಷದ "ಫ್ರೀ ಕೋಚಿಂಗ್" ಅಂತ ಯಾರೂ ಹೆಸರಿಟ್ಟಿಲ್ಲ. ಅದನ್ನ "ರಕ್ತದಲ್ಲೇ ಗಣಿತ ಇದೆ" ಅಂತಾರೆ.

ಹಾಗಾದ್ರೆ ನಮ್ಮ ಹಿರಿಯರಿಗೆ ಲೆಕ್ಕ ಬರ್ತಿರಲಿಲ್ವಾ? ಕಣದಲ್ಲಿ ರಾಗಿ ರಾಶಿ ಮಾಡಿದ ಆಳು ದೂರದಿಂದಲೇ ನೋಡಿ "ಎರಡು ಖಂಡುಗಕ್ಕೆ ಎರಡು ಕೊಳಗ ಕಮ್ಮಿ ಬತ್ತದೆ" ಅಂತಿದ್ದ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಅಂದ್ರೆ ಮೂವತ್ತೆಂಟು ಕೊಳಗ ಅಂತ ಅವನ ಅಂದಾಜು. ಅಳೆದು ನೋಡಿದ್ರೆ ಒಂದು ಕೊಳಗ ಆಕಡೆ ಈಕಡೆ. ನಾಲ್ಕು ಪಾವಿಗೆ ಒಂದು ಸೇರು, ಎರಡು ಪಾವಿಗೆ ಅಚ್ಚೇರು, ಇಷ್ಟು ಜನಕ್ಕೆ ಇಷ್ಟು ಹಿಟ್ಟು ಅಂತ ನಮ್ಮ ಅಜ್ಜಿಯರು ಸ್ಲೇಟು ಬಳಪ ಇಲ್ಲದೆ ಹೇಳ್ತಿದ್ರು. ಇವತ್ತು ಬ್ಯಾಂಕ್ ಪರೀಕ್ಷೆಯಲ್ಲಿ "ಅಪ್ರಾಕ್ಸಿಮೇಶನ್" ಅಂತ ಕೇಳ್ತಾರಲ್ಲ, ಅದು ಇದೇ ಕಣ್ಣಳತೆ. ನಮ್ಮವರ ತಲೆಯಲ್ಲಿ ಲೆಕ್ಕ ಇತ್ತು. ಕೈಯಲ್ಲಿ ಕಾಗದ ಇರಲಿಲ್ಲ.

ಕಾಗದ ಇಲ್ಲದಿದ್ರೆ ಏನಾಗುತ್ತೆ? ಜೀತ ಆಗುತ್ತೆ. ಒಂದು ಉದಾಹರಣೆ ಹಾಕ್ತೀನಿ ನೋಡಿ. ಮದುವೆಗೋ ಕಾಯಿಲೆಗೋ 200 ರೂಪಾಯಿ ಸಾಲ. ತಿಂಗಳಿಗೆ ನೂರಕ್ಕೆ ಐದು ಬಡ್ಡಿ. ವರ್ಷಕ್ಕೆ ಬಡ್ಡಿಯೇ 120. ಆಳಿನ ವರ್ಷದ ದುಡಿಮೆಗೆ 100 ಅಂತ ಧಣಿ ಬರ್ಕೊಂಡ ಅಂದ್ಕೊಳ್ಳಿ. ವರ್ಷಪೂರ್ತಿ ಮೈಮುರಿದು ದುಡಿದ ಮೇಲೆ ಸಾಲ 220. ದುಡಿದಷ್ಟೂ ಸಾಲ ಬೆಳೀತಾ ಹೋಗುತ್ತೆ, ಅಪ್ಪನ ಹೆಬ್ಬೆಟ್ಟಿನ ಮೇಲೆ ಮಗನ ಹೆಬ್ಬೆಟ್ಟು ಬೀಳುತ್ತೆ. ಇದರಲ್ಲಿ ಇರೋದು ಏಳನೇ ಕ್ಲಾಸಿನ ಸರಳ ಬಡ್ಡಿ ಲೆಕ್ಕ ಅಷ್ಟೇ. ಅದು ಗೊತ್ತಾಗದ ಹಾಗೆ ಇಟ್ಟಿದ್ದರಿಂದ ತಲೆಮಾರುಗಳು ಹಟ್ಟಿಯಲ್ಲೇ ಸವೆದುಹೋದವು. ಜೀತ ಕಾನೂನು ಪ್ರಕಾರ ರದ್ದಾಗಿದ್ದು 1975ರ ಅಕ್ಟೋಬರ್ ಸುಗ್ರೀವಾಜ್ಞೆಯಿಂದ, 1976ರ ಕಾಯ್ದೆಯಿಂದ. ನನ್ನ ವಯಸ್ಸಿನವರು ಹುಟ್ಟೋಕೆ ಸ್ವಲ್ಪ ಮುಂಚೆ ಅಷ್ಟೇ.

ಶಾನುಭೋಗಿಕೆ, ತೋಟಿತನ ಎರಡನ್ನೂ ಒಟ್ಟಿಗೇ ತೆಗೆದದ್ದು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ. 1963ರಲ್ಲಿ ಜಾರಿಗೆ ಬಂತು. ಕಡತ ಹಿಡಿಯೋ ಕೆಲಸ ಆಮೇಲೆ ಗ್ರಾಮ ಲೆಕ್ಕಿಗರ ಸಂಬಳದ ನೌಕರಿ ಆಯ್ತು, ಈಗ ಅದರ ಹೆಸರು ಗ್ರಾಮ ಆಡಳಿತ ಅಧಿಕಾರಿ. 2024ರಲ್ಲಿ 1000 ಹುದ್ದೆಗೆ ಪರೀಕ್ಷೆ ನಡೀತು. ಎರಡನೇ ಪತ್ರಿಕೆಯಲ್ಲಿ ಸಾಮಾನ್ಯ ಕನ್ನಡಕ್ಕೆ 35, ಸಾಮಾನ್ಯ ಇಂಗ್ಲಿಷಿಗೆ 35, ಕಂಪ್ಯೂಟರ್ ಜ್ಞಾನಕ್ಕೆ 30 ಅಂಕ. ಅಂದ್ರೆ ಯಾವ ಕಡತ ಮುಟ್ಟೋ ಹಾಗಿರಲಿಲ್ಲವೋ ಆ ಕಡತದ ಬಾಗಿಲಿಗೆ ಈಗ ಇಂಗ್ಲಿಷ್ ಗ್ರಾಮರ್ ಚಿಲಕ ಆಗಿದೆ. ಚಿಲಕ ತೆಗೆಯೋದು ಕಲಿತರೆ ಆಯ್ತು. ಇದು ಬೀಗ ಅಲ್ಲ.

*ಶಾಲೆ ಬಾಗಿಲು*

ಬೀಗ ಇದ್ದ ಕಾಲವೂ ಇತ್ತು. 1856ರಲ್ಲಿ ನಮ್ಮ ಧಾರವಾಡದಲ್ಲೇ ನಡೆದದ್ದು. ಒಬ್ಬ ಮಹಾರ್ ಹುಡುಗ ಸರ್ಕಾರಿ ಶಾಲೆಗೆ ಸೇರಿಸ್ಕೊಳ್ಳಿ, ಫೀಸು ಕಟ್ತೀನಿ ಅಂತ ಅರ್ಜಿ ಹಾಕಿದ. ಸೇರಿಸಿಕೊಳ್ಳಲಿಲ್ಲ. ಅವನು ಸುಮ್ಮನಾಗಲಿಲ್ಲ, ಬಾಂಬೆ ಸರ್ಕಾರದವರೆಗೂ ಹೋದ. ಸರ್ಕಾರ ಏನು ಹೇಳ್ತು ಗೊತ್ತಾ? ನ್ಯಾಯ ಹುಡುಗನ ಕಡೆಗೇ ಇದೆ, ಆದ್ರೆ ಇವನೊಬ್ಬನನ್ನ ಸೇರಿಸಿದ್ರೆ ಉಳಿದವರೆಲ್ಲ ಬಿಟ್ಟು ಹೋಗ್ತಾರೆ, ಆದ್ದರಿಂದ ಆಗಲ್ಲ, ಅನ್ನೋ ಅರ್ಥದ ತೀರ್ಮಾನ. ನ್ಯಾಯ ನಿನ್ನದು, ಸೀಟು ಅವರದು. ವಿಷಯ ಲಂಡನ್ನಿನ ಕಂಪನಿ ನಿರ್ದೇಶಕರವರೆಗೂ ಹೋಗಿ, ಸರ್ಕಾರಿ ಶಾಲೆ ಎಲ್ಲ ಜಾತಿಯವರಿಗೂ ತೆರೆದಿರಬೇಕು ಅಂತ ತತ್ವದಲ್ಲಿ ಒಪ್ಪಿಕೊಂಡರು. ಕಾಗದದ ಮೇಲೆ. ಬಾಬಾಸಾಹೇಬರು ಸೈಮನ್ ಕಮಿಷನ್ ಮುಂದೆ ದಲಿತರ ಶಿಕ್ಷಣದ ಸ್ಥಿತಿ ಹೇಳುವಾಗ ಈ ಧಾರವಾಡದ ಹುಡುಗನ ವಿಷಯ ಎತ್ತಿದ್ದಾರೆ. ಆ ಹುಡುಗನ ಹೆಸರಿನಲ್ಲಿ ನಮ್ಮಲ್ಲಿ ಒಂದು ರಸ್ತೆಯೂ ಇಲ್ಲ.

ಬಾಬಾಸಾಹೇಬರದ್ದೇ ಕತೆ ತಗೊಳ್ಳಿ. ಬಾಂಬೆಯ ಎಲ್ಫಿನ್‌ಸ್ಟನ್ ಹೈಸ್ಕೂಲು. ಒಂದು ಲೆಕ್ಕ ಬಿಡಿಸೋಕೆ ಮೇಷ್ಟ್ರು ಬೋರ್ಡಿನ ಹತ್ರ ಕರೆದ್ರು. ಹುಡುಗ ಎದ್ದ ಕೂಡಲೇ ತರಗತಿಯಲ್ಲಿ ಗದ್ದಲ. ಬೋರ್ಡಿನ ಹಿಂದೆ ಊಟದ ಡಬ್ಬಿ ಇಟ್ಟಿದ್ದ ಹುಡುಗರು ಮೈಲಿಗೆ ಆಗುತ್ತೆ ಅಂತ ಓಡಿಹೋಗಿ ಡಬ್ಬಿ ಎತ್ತಿಕೊಂಡ್ರು. ಆಮೇಲೆ ಅವರು ಬೋರ್ಡು ಮುಟ್ಟಿದ್ದು. ಗಣಿತ ಕಷ್ಟ ಅನ್ನೋರು ಇದನ್ನ ನೆನಪಿಡಿ. ಆ ಬೋರ್ಡಿಗೂ ಬೆಂಚಿಗೂ ನಡುವೆ ಇದ್ದ ನಾಲ್ಕು ಹೆಜ್ಜೆ ದಾಟೋದೇ ಕಷ್ಟ ಇತ್ತು. ಸಂಸ್ಕೃತ ತಗೊಳ್ಳೋಕೆ ಬಿಡಲಿಲ್ಲ, ಪರ್ಷಿಯನ್ ತಗೊಂಡ್ರು. 1907ರಲ್ಲಿ ಮೆಟ್ರಿಕ್ ಪಾಸು. 1913ರಲ್ಲಿ ಕೊಲಂಬಿಯಾ. ಇಂಗ್ಲಿಷಿನಲ್ಲೇ ಅರ್ಥಶಾಸ್ತ್ರ, ಇಂಗ್ಲಿಷಿನಲ್ಲೇ ಕಾನೂನು. ರೂಪಾಯಿ ಸಮಸ್ಯೆ ಬಗ್ಗೆ ಅವರು ಬರೆದ ಪ್ರಬಂಧ ಅಂಕಿ ಅಂಶಗಳ ಗ್ರಂಥ. ನಮ್ಮ ನಾಯಕ ಮೂಲತಃ ಲೆಕ್ಕದ ಮನುಷ್ಯ ಅನ್ನೋದನ್ನ ಜಯಂತಿ ಮೆರವಣಿಗೆಯ ಡಿಜೆ ಸದ್ದಿನಲ್ಲಿ ಮರೆತೇ ಬಿಡ್ತೀವಿ.

ಅವರಿಗಿಂತ ಮುಂಚೆ ಸಾವಿತ್ರಿಬಾಯಿ ಫುಲೆ 1854ರ ತಮ್ಮ ಕವನ ಸಂಕಲನದಲ್ಲೇ ಇಂಗ್ಲಿಷ್ ಕಲಿಯಿರಿ ಅಂತ ಕರೆ ಕೊಟ್ಟಿದ್ದರು. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ, ತಮ್ಮ ಜಾತಿಯವರ ಬಹಿಷ್ಕಾರ ಅನುಭವಿಸಿ ನಮ್ಮ ಮಕ್ಕಳಿಗೆ ಓದು ಕೊಟ್ಟರು. ಇವರನ್ನ ಮರೆಯಬಾರದು.

*ಪರೀಕ್ಷೆ ಅನ್ನೋದು ಎಲ್ಲಿಂದ ಬಂತು*

ಈಗ "ಮೆರಿಟ್" ವಿಷಯಕ್ಕೆ ಬರೋಣ. 1853ರ ಚಾರ್ಟರ್ ಕಾಯ್ದೆ ಕಂಪನಿ ನಿರ್ದೇಶಕರ ಶಿಫಾರಸಿನ ನೇಮಕ ನಿಲ್ಲಿಸಿ ಸ್ಪರ್ಧಾ ಪರೀಕ್ಷೆ ತಂತು. 1854ರಲ್ಲಿ ಮೆಕಾಲೆ ಸಮಿತಿ ವರದಿ, 1855ರಲ್ಲಿ ಲಂಡನ್ನಿನಲ್ಲಿ ಮೊದಲ ಪರೀಕ್ಷೆ. ಮೆಕಾಲೆ ಸಮಿತಿ ಹಾಕಿದ ಅಂಕಪಟ್ಟಿ ನೋಡಿ: ಇಂಗ್ಲಿಷಿಗೆ 1500, ಗಣಿತಕ್ಕೆ 1000, ಗ್ರೀಕಿಗೆ 750, ಲ್ಯಾಟಿನ್ನಿಗೆ 750, ಸಂಸ್ಕೃತ ಅರೇಬಿಕ್‌ಗೆ ತಲಾ 375. ಯಾರ ಮನೆಯ ಮಕ್ಕಳಿಗೆ ಅನುಕೂಲ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಇಂಡಿಯಾ ಆಳೋಕೆ ಇಂಡಿಯಾದ ಭಾಷೆಗೆ ಗ್ರೀಕಿನ ಅರ್ಧ ಬೆಲೆ!

1863ರಲ್ಲಿ ಸತ್ಯೇಂದ್ರನಾಥ ಟ್ಯಾಗೋರ್ ಪಾಸಾದರು, ಮೊದಲ ಭಾರತೀಯ. ಆಮೇಲೆ ಗರಿಷ್ಠ ವಯಸ್ಸನ್ನ 23ರಿಂದ ಇಳಿಸುತ್ತಾ ಬಂದು 1870ರ ದಶಕದ ಕೊನೆಗೆ 19ಕ್ಕೆ ತಂದರು. ಹತ್ತೊಂಬತ್ತರೊಳಗೆ ಕಡಲು ದಾಟಿ ಲಂಡನ್ನಿಗೆ ಹೋಗಿ ಪಾಸಾಗು ಅಂದ್ರೆ ಬರಬೇಡ ಅಂತಲೇ ಅರ್ಥ. ಆಗ ಸುರೇಂದ್ರನಾಥ ಬ್ಯಾನರ್ಜಿ ದೇಶ ಸುತ್ತಿ ಪ್ರತಿಭಟನೆ ಸಂಘಟಿಸಿದರು. ಕಾಂಗ್ರೆಸ್ಸು ಹುಟ್ಟಿದಾಗಿಂದ ಇಂಡಿಯಾದಲ್ಲೂ ಪರೀಕ್ಷೆ ನಡೆಸಿ ಅಂತ ಕೇಳಿತು. ಕೊನೆಗೆ 1922ರಲ್ಲಿ ಅಲಹಾಬಾದಿನಲ್ಲಿ ನಡೀತು.

ಗಮನಿಸಿ ಗೆಳೆಯರೇ. ಅವತ್ತು ಮೇಲ್ಜಾತಿಯ ಓದಿದವರು ಮಾಡಿದ ವಾದ ಏನು? "ನಮಗೆ ಬುದ್ಧಿ ಇದೆ, ಆದ್ರೆ ಪರೀಕ್ಷೆ ನಮ್ಮ ಮನೆಯಿಂದ ದೂರ ಇದೆ, ನಮ್ಮದಲ್ಲದ ಭಾಷೆಯಲ್ಲಿದೆ, ವಯಸ್ಸಿನ ನಿಯಮ ನಮ್ಮ ವಿರುದ್ಧ ಇದೆ." ನೂರಕ್ಕೆ ನೂರು ಸರಿಯಾದ ವಾದ. ಅದನ್ನ ದೇಶಭಕ್ತಿ ಅಂತ ಪಾಠದಲ್ಲಿ ಓದ್ತೀವಿ. ಅದೇ ವಾದವನ್ನ ಅದೇ ಮಾತುಗಳಲ್ಲಿ ನಾವು ಹೇಳಿದ್ರೆ ಮಾತ್ರ ಅದು "ಮೆರಿಟ್ ವಿರೋಧಿ" ಆಗುತ್ತೆ.

ನಮ್ಮ ಮೈಸೂರಿನಲ್ಲೂ ಇದೇ ಜಗಳ ಆಯ್ತು. ಸಂಸ್ಥಾನದ ಹುದ್ದೆಗಳೆಲ್ಲ ಒಂದೇ ಜಾತಿಯ ಕೈಯಲ್ಲಿವೆ ಅಂತ ಬ್ರಾಹ್ಮಣೇತರ ಚಳವಳಿ ಎದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ದಿವಾನ್ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆ ಇರಲಿಲ್ಲ, ಅದೇ ವರ್ಷ ದಿವಾನಗಿರಿ ಬಿಟ್ಟರು. 1919ರ ವರದಿ ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಭಾಗ ಬ್ರಾಹ್ಮಣೇತರರಿಗೆ ಸಿಗಬೇಕು, ದಲಿತರಿಗೆ ಆದ್ಯತೆ ಇರಬೇಕು ಅಂತ ಹೇಳಿತು. 1921ರಲ್ಲಿ ಸರ್ಕಾರಿ ಆದೇಶ ಆಯ್ತು. ಕಟ್ಟೆ ಕಟ್ಟಿದ ವಿಶ್ವೇಶ್ವರಯ್ಯನವರ ಇಂಜಿನಿಯರಿಂಗಿಗೆ ಕೈ ಮುಗಿಯೋಣ. ಆದ್ರೆ ಬಾಗಿಲು ತೆರೆದ ನಾಲ್ವಡಿಯವರಿಗೆ ಎರಡೂ ಕೈ ಮುಗಿಯಬೇಕು.

ಆಮೇಲೆ ಬಾಬಾಸಾಹೇಬರು. ವೈಸ್‌ರಾಯ್ ಕೌನ್ಸಿಲ್ಲಿನ ಕಾರ್ಮಿಕ ಸದಸ್ಯರಾಗಿದ್ದಾಗ ಬೆನ್ನುಬಿಡದೆ ಕೇಳಿ, 1943ರಲ್ಲಿ ಕೇಂದ್ರ ಹುದ್ದೆಗಳಲ್ಲಿ ಪರಿಶಿಷ್ಟರಿಗೆ ಶೇ 8.33 ತಂದರು. 1946ರಲ್ಲಿ ಅದು ಶೇ 12.5 ಆಯ್ತು. ಸ್ವಾತಂತ್ರ್ಯಕ್ಕೂ, ಸಂವಿಧಾನಕ್ಕೂ ಮುಂಚೆಯೇ! 1950ರ ಸಂವಿಧಾನದ 16(4), 335 ಆಮೇಲಿನ ಮಾತು. ನಾವು ಫಾರಂನಲ್ಲಿ ಟಿಕ್ ಹಾಕೋ "ಎಸ್‌ಸಿ" ಕಾಲಂ ಹಿಂದೆ ಇಷ್ಟು ನಡೆದಿದೆ.

*ಈಗಿನ ಚಿಲಕಗಳು*

ಮೀಸಲಾತಿ ಬಾಗಿಲು ತೆರೀತು, ಸರಿ. ಪರೀಕ್ಷೆಯ ಭಾಷೆ? ಕೊಠಾರಿ ಸಮಿತಿ ಶಿಫಾರಸಿನ ಮೇಲೆ 1979ರಿಂದ ಐಎಎಸ್ ಪರೀಕ್ಷೆಯನ್ನ ಭಾರತೀಯ ಭಾಷೆಗಳಲ್ಲಿ ಬರೆಯೋ ಅವಕಾಶ ಬಂತು. ಹಳ್ಳಿ ಮಕ್ಕಳಿಗೆ ದೊಡ್ಡ ಬೆಳಕು. 2011ರಲ್ಲಿ ಸಿಸ್ಯಾಟ್ ಬಂತು. ಇಂಗ್ಲಿಷ್ ಕಾಂಪ್ರಹೆನ್ಶನ್, ಲೆಕ್ಕ, ರೀಸನಿಂಗ್, ಎಲ್ಲ ಅಂಕಕ್ಕೆ ಸೇರಿಸಿದರು. 2014ರಲ್ಲಿ ದೆಹಲಿಯಲ್ಲಿ ಹುಡುಗರು ಬೀದಿಗೆ ಇಳಿದ ಮೇಲೆ ಆ ವರ್ಷ ಇಂಗ್ಲಿಷ್ ಪ್ರಶ್ನೆಗಳ ಅಂಕ ಕೈಬಿಟ್ಟರು. 2015ರಿಂದ ಆ ಪತ್ರಿಕೆ ಶೇ 33 ಬಂದ್ರೆ ಸಾಕು ಅನ್ನೋ ಅರ್ಹತಾ ಪತ್ರಿಕೆ ಆಯ್ತು. ಬ್ಯಾಂಕ್ ಕ್ಲರ್ಕ್ ಪರೀಕ್ಷೆಯನ್ನ ಕನ್ನಡ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಬೇಕು ಅಂತ ಕೇಂದ್ರ ಹಣಕಾಸು ಇಲಾಖೆ ಹೇಳಿದ್ದು 2021ರಲ್ಲಿ, ಅದೂ ನಮ್ಮ ರಾಜ್ಯದವರೆಲ್ಲ ಕೂಗಾಡಿದ ಮೇಲೆ. ಕೇಳಿದ್ರೆ ಮಾತ್ರ ನಿಯಮ ಬದಲಾಗುತ್ತೆ ಅನ್ನೋದಕ್ಕೆ ಇಷ್ಟು ಸಾಕ್ಷಿ ಸಾಕು.

ಆದ್ರೆ ಕನ್ನಡದಲ್ಲಿ ಪರೀಕ್ಷೆ ಬಂದ ಮೇಲೂ ಇಂಗ್ಲಿಷ್ ಸೆಕ್ಷನ್ ಇಂಗ್ಲಿಷಿನಲ್ಲೇ ಇರುತ್ತೆ. ಅದಕ್ಕೆ ಹೋರಾಟದ ಜೊತೆ ಅಭ್ಯಾಸವೂ ಬೇಕು. ಬಾಂಕಾ ಅನ್ನೋ ಉತ್ತರ ಪ್ರದೇಶದ ಹಳ್ಳಿಯಲ್ಲಿ 2010ರಲ್ಲಿ ನಮ್ಮವರು "ಇಂಗ್ಲಿಷ್ ದೇವಿ"ಗೆ ಗುಡಿ ಕಟ್ಟೋಕೆ ಕೈಹಾಕಿದರು. ಅವರ ಭಾವನೆ ಅರ್ಥ ಆಗುತ್ತೆ. ನನಗೆ ಮಾತ್ರ ಪೂಜೆ ಬೇಡ, ಇಂಗ್ಲಿಷ್ ಕುಡುಗೋಲಿನ ಥರ ಇದ್ದರೆ ಸಾಕು. ಮಸೆದು ಕೊಯ್ದು ಮತ್ತೆ ಸೂರಿಗೆ ಸಿಕ್ಕಿಸೋದು.

*ಗ್ರಾಮರ್ ನಮಗೆ ಹೊಸದಲ್ಲ*

ಕನ್ನಡ ಮೀಡಿಯಂ ಮಕ್ಕಳು ಹೆಚ್ಚು ಎಡವೋದು ಎಲ್ಲಿ ಅಂತ ಹೇಳ್ತೀನಿ.

ಒಂದು, ಆರ್ಟಿಕಲ್. "ಕನ್ನಡದಲ್ಲಿ ಇಲ್ಲ, ಅದಕ್ಕೇ ಬರಲ್ಲ" ಅಂತಾರೆ. ಇದೆ ಕಣ್ರೋ. ಅಜ್ಜಿ ಕತೆ ನೆನೆಸ್ಕೊಳ್ಳಿ: "ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಇಬ್ಬರು ಮಕ್ಕಳು." ಮೊದಲ ಸಲ ಬಂದಾಗ "ಒಬ್ಬ", ಗೊತ್ತಾದ ಮೇಲೆ "ಆ". ಇಂಗ್ಲಿಷಿನಲ್ಲಿ ಮೊದಲನೆಯದು "ಎ", ಎರಡನೆಯದು "ದಿ". ಎಲ್ಲ ಕಡೆ ಇದೇ ಸೂತ್ರ ಸಾಲದು, ಆದ್ರೆ ಅರ್ಧ ಪ್ರಶ್ನೆಗೆ ಅಜ್ಜಿಯೇ ಉತ್ತರ ಕೊಡ್ತಾಳೆ.

ಎರಡು, ಕರ್ತೃವಿಗೆ ತಕ್ಕ ಕ್ರಿಯಾಪದ. "ಒನ್ ಆಫ್ ದಿ ಬಾಯ್ಸ್" ಆದ್ಮೇಲೆ "ಇಸ್" ಬರಬೇಕೋ "ಆರ್" ಬರಬೇಕೋ? ಕನ್ನಡದಲ್ಲಿ "ಹುಡುಗರಲ್ಲಿ ಒಬ್ಬ ಬಂದ" ಅಂತೀರಿ, "ಬಂದರು" ಅನ್ನಲ್ಲ. ಅಷ್ಟೇ, "ಇಸ್". ನೋಡಿ, ಬಂದ, ಬಂದಳು, ಬಂತು, ಬಂದರು, ಬಂದವು ಅಂತ ಐದು ರೂಪ ತಪ್ಪದೆ ಆಡೋ ನಾಲಿಗೆಗೆ, ಇಂಗ್ಲಿಷಿನವರು ಕೇಳೋ ಒಂದು "ಎಸ್" ಅಕ್ಷರ ಎಷ್ಟರದ್ದು?

ಮೂರು, ಕನ್ನಡದ ವಿಭಕ್ತಿ ಇಂಗ್ಲಿಷಿಗೆ ನುಗ್ಗೋದು. "ಅದರ ಬಗ್ಗೆ ಚರ್ಚಿಸಿದರು" ಅಂತ ಯೋಚಿಸಿ "ಡಿಸ್ಕಸ್ಡ್ ಅಬೌಟ್" ಬರೀತಾರೆ. "ಅಬೌಟ್" ಬೇಡ. "ಅವಳ ಜೊತೆ ಮದುವೆ" ಅಂತ "ಮ್ಯಾರೀಡ್ ವಿತ್" ಬರೀತಾರೆ. "ಟು" ಬೇಕು. ಇಂಥವನ್ನ ದಿನಕ್ಕೆ ಐದು ನೋಟ್‌ಬುಕ್ಕಿನಲ್ಲಿ ಬರ್ಕೊಂಡ್ರೆ ಎರಡು ತಿಂಗಳಿಗೆ ಮುನ್ನೂರು ಆಗುತ್ತೆ. ಪರೀಕ್ಷೆಯವರು ತಿರುಗಿಸಿ ತಿರುಗಿಸಿ ಕೇಳೋದು ಇಂಥವನ್ನೇ.

*34 ಸೆಕೆಂಡು*

ಬ್ಯಾಂಕ್ ಕ್ಲರ್ಕ್ ಪ್ರಿಲಿಮ್ಸ್‌ನಲ್ಲಿ ಲೆಕ್ಕದ ಸೆಕ್ಷನ್ 35 ಪ್ರಶ್ನೆ, 20 ನಿಮಿಷ. ಒಂದಕ್ಕೆ ಸುಮಾರು 34 ಸೆಕೆಂಡು. ಪೂರ್ತಿ ಗುಣಿಸ್ತಾ ಕೂತವನು ಸೋತ. ಇಲ್ಲಿ ನಿಖರ ಉತ್ತರಕ್ಕಿಂತ ಧೈರ್ಯವಾಗಿ ಅಂದಾಜು ಮಾಡೋದು ಮುಖ್ಯ.

ಉದಾಹರಣೆ: 649.8ರ ಶೇ 39.97, ಅದಕ್ಕೆ 24.98 × 15.03 ಕೂಡಿಸಿ. ಆಯ್ಕೆಗಳು 575, 605, 635, 675, 710. 650ರ ಶೇ 40 ಅಂದ್ರೆ 260. 25 × 15 ಅಂದ್ರೆ 375. ಒಟ್ಟು 635. ಮುಗೀತು.

ನಿಯಮ ಮೂರೇ. ಮೊದಲು ಆಯ್ಕೆಗಳ ನಡುವಿನ ಅಂತರ ನೋಡಿ. ದೂರ ದೂರ ಇದ್ರೆ ಒರಟಾಗಿ, ಹತ್ತಿರ ಇದ್ರೆ ಜೋಪಾನವಾಗಿ ಅಂದಾಜು ಮಾಡಿ. ಗುಣಾಕಾರದಲ್ಲಿ ಒಂದನ್ನ ಏರಿಸಿದ್ರೆ ಇನ್ನೊಂದನ್ನ ಇಳಿಸಿ: 48 × 52 ಬದಲು 50 × 50, 2500. ನಿಜವಾದ ಉತ್ತರ 2496. ಭಾಗಾಕಾರದಲ್ಲಿ ಎರಡನ್ನೂ ಒಂದೇ ಕಡೆಗೆ ಸರಿಸಿ: 1799 ÷ 29.98 ಬದಲು 1800 ÷ 30, 60.

ಇನ್ನೊಂದು ಮಾತು. ತಪ್ಪಿಗೆ ಕಾಲು ಅಂಕ ಕಳೀತಾರೆ. ಐದು ಆಯ್ಕೆಯಲ್ಲಿ ಕಣ್ಣುಮುಚ್ಚಿ ಟಿಕ್ ಹಾಕಿದ್ರೆ ಐದರಲ್ಲಿ ಒಂದು ಸರಿ, ನಾಲ್ಕು ತಪ್ಪು. ಬಂದದ್ದು ಒಂದು, ಹೋದದ್ದು ಒಂದು, ಸರಾಸರಿ ಸೊನ್ನೆ. ಆದ್ರೆ ಅಂದಾಜಿನಿಂದ ಎರಡು ಆಯ್ಕೆ ಹೊಡೆದುಹಾಕಿ ಉಳಿದ ಮೂರರಲ್ಲಿ ಟಿಕ್ ಹಾಕಿದ್ರೆ? ಮೂರು ಸಲಕ್ಕೆ ಒಂದು ಸರಿ, ಎರಡು ತಪ್ಪಿಗೆ ಅರ್ಧ ಹೋಗುತ್ತೆ, ಅರ್ಧ ಅಂಕ ಉಳಿಯುತ್ತೆ. ಕಟ್‌ಆಫ್‌ನಲ್ಲಿ ಅರ್ಧ ಅಂಕಕ್ಕೆ ಕೆಲಸ ಕಳ್ಕೊಂಡವರು ಪ್ರತಿ ಊರಲ್ಲೂ ಇದಾರೆ.

*ಕೊನೆಗೆ*

ಕೋಚಿಂಗ್ ಸೆಂಟರ್ ಫೀಸು ಕಟ್ಟೋ ಶಕ್ತಿ ಎಲ್ಲರಿಗೂ ಇಲ್ಲ. ಆದ್ರೆ ಎಷ್ಟೋ ಊರುಗಳಲ್ಲಿ ಅಂಬೇಡ್ಕರ್ ಭವನ ಇದೆ, ವರ್ಷಕ್ಕೆ ಎರಡು ಸಲ ಬೀಗ ತೆಗೀತಾರೆ. ಭಾನುವಾರ ಬೆಳಗ್ಗೆ ಎರಡು ಗಂಟೆ ತೆಗೆಸಿ. ಊರಿನಲ್ಲಿ ಕೆಲಸ ಸಿಕ್ಕಿದ ಒಬ್ಬರಾದರೂ ಇರ್ತಾರೆ, ಅವರನ್ನ ಕೂರಿಸಿ. ಒಂದು ಗಂಟೆ ಗ್ರಾಮರ್, ಒಂದು ಗಂಟೆ ಲೆಕ್ಕ, ಮೊಬೈಲಿನಲ್ಲಿ ಟೈಮರ್. ಹುಡುಗಿಯರನ್ನ ಮುಂದಿನ ಸಾಲಿನಲ್ಲಿ ಕೂರಿಸಿ. ಕೆಲಸ ಸಿಕ್ಕಿದ ನಮ್ಮಂಥವರಿಗೆ ಒಂದು ಮಾತು: ಸಂಬಳ ಬಂದ ಮೇಲೆ ಪೇ ಬ್ಯಾಕ್ ಟು ಸೊಸೈಟಿ ಅಂತ ಬ್ಯಾನರ್ ಕಟ್ಟೋದಕ್ಕಿಂತ, ವಾರಕ್ಕೆ ಎರಡು ಗಂಟೆ ಕೊಡೋದು ದೊಡ್ಡದು. ಖಾಲಿ ಬಿದ್ದಿರೋ ಬ್ಯಾಕ್‌ಲಾಗ್ ಹುದ್ದೆ ತುಂಬಿ, ಹೊರಗುತ್ತಿಗೆ ನಿಲ್ಲಿಸಿ ಅಂತ ಬೀದಿಯಲ್ಲೂ ಕೇಳೋಣ. ಹುದ್ದೆಯೇ ಇಲ್ಲದಿದ್ರೆ ಗ್ರಾಮರ್ ಕಲಿತು ಏನು ಮಾಡೋದು? ಹುದ್ದೆ ಬಂದಾಗ ತಯಾರಿಲ್ಲದಿದ್ರೆ ಹೋರಾಡಿ ಏನು ಮಾಡೋದು? ಎರಡೂ ಬೇಕು.

ಮುಂದಿನ ಸಲ ಯಾರಾದ್ರೂ "ನಿಮ್ಮೋರಿಗೆ ಲೆಕ್ಕ ಬರಲ್ಲ" ಅಂದ್ರೆ ಜಗಳ ಬೇಡ. 1856ರಿಂದ ಇವತ್ತಿಗೆ ಎಷ್ಟು ವರ್ಷ ಆಯ್ತು, ಅಂದಾಜು ಹೇಳಿ ಅಂತ ಕೇಳಿ. ಅಷ್ಟು ವರ್ಷದಿಂದ ನಾವು ಬಾಗಿಲು ತಟ್ಟುತ್ತಲೇ ಇದೀವಿ ಅಂತ ಹೇಳಿ, ಮತ್ತೆ ಪುಸ್ತಕಕ್ಕೆ ಬನ್ನಿ.

ಶಿಕ್ಷಣ, ಸಂಘಟನೆ, ಹೋರಾಟ. ಶಿಕ್ಷಣವೇ ಮೊದಲು. ಓದೋ ಮಕ್ಕಳಿಗೆ ತಲುಪಿಸಿ.

ಜೈ ಭೀಮ್.